ಹತ್ತು ಚಕ್ರದ ಲಾರಿಗೆ ಹಾಕಿಸಿದ ರಿಪೇರಿ ಇಸಿಎಂ: ಎರಡು ಮಳೆಗಾಲಗಳ ನಂತರ

2023ರ ಜುಲೈಯಲ್ಲಿ ನಮ್ಮ 2018ರ ಬಿಎಸ್-4 ಲಾರಿಯ ಇಂಜಿನ್ ಕಂಟ್ರೋಲ್ ಮಾಡ್ಯೂಲು, ಅಂದರೆ ಇಂಜಿನ್ನಿಗೆ ಯಾವಾಗ, ಎಷ್ಟು ಡೀಸೆಲ್ ಬೇಕೆಂದು ನಿರ್ಧರಿಸುವ, ಗ್ಯಾರೇಜುಗಳಲ್ಲಿ ಎಲ್ಲರೂ ಇಸಿಎಂ ಎಂದು ಕರೆಯುವ ಪೆಟ್ಟಿಗೆ, ಕೆಟ್ಟುಹೋಯಿತು. ಹೊಸದನ್ನು ಕೊಳ್ಳುವ ಬದಲು, ಹಳೆಯದನ್ನು ಒಪ್ಪಿಸಿ, ಅದೇ ಭಾಗಸಂಖ್ಯೆಯ, ರಿಪೇರಿಯಾಗಿ ಪರೀಕ್ಷೆಗೊಳಪಟ್ಟ ಇನ್ನೊಂದನ್ನು ಹುಬ್ಬಳ್ಳಿಯ ಒಂದು ಕೇಂದ್ರದಿಂದ ತಂದು ಹಾಕಿಸಿದೆ. ಅಂದಿನಿಂದ ಈ ನವೆಂಬರ್ ತನಕ ಲಾರಿ ಸುಮಾರು 78,000 ಕಿ.ಮೀ. ಓಡಿದೆ. ಮಾಡ್ಯೂಲಿನ ಬಗ್ಗೆ ದೂರಿಲ್ಲ. ಅದನ್ನು ಮಾರಿದವರ ಬಗ್ಗೆ ಸ್ವಲ್ಪ ಇದೆ, ಅದಕ್ಕಿಂತ ಮೊದಲು ನಮ್ಮ ಲಾರಿಯನ್ನು ಮುಟ್ಟಿದವರ ಬಗ್ಗೆ ಬಹಳ ಇದೆ.

ಅಂಕೋಲೆಯಿಂದ ಯಲ್ಲಾಪುರ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗಿಬರುವುದು ಈ ಲಾರಿಯ ನಿತ್ಯದ ಕೆಲಸ. ಹೋಗುವಾಗ ಸಾಣಿಕಟ್ಟೆಯ ಉಪ್ಪು, ಬರುವಾಗ ಸಿಮೆಂಟು. ಆ ವರ್ಷ ಮಳೆ ಹಿಡಿದ ಮೊದಲ ವಾರವೇ ಅರಬೈಲ್ ಘಾಟಿಯ ನಡುವಿನಿಂದ ಚಾಲಕ ಫೋನು ಮಾಡಿ, "ಗಾಡಿ ಎಳೀತೇ ಇಲ್ರಾ, ಲೈಟ್ ಬೇರೆ ಹತ್ಕಂಡದೆ" ಎಂದ. ಇಂಜಿನ್ ನಿಮಿಷಕ್ಕೆ 1,500 ಸುತ್ತುಗಳ ಮೇಲೆ ಏರುತ್ತಿರಲಿಲ್ಲ. ಕೀಲಿ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತಿತ್ತು. ಒಣ ಬೆಳಗಿನಲ್ಲಿ ತೊಂದರೆ ಇರಲಿಲ್ಲ, ಜೋರು ಮಳೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಬರುತ್ತಿತ್ತು. ಈ ಒಂದು ಲಕ್ಷಣವನ್ನು ನಾವು ಮೊದಲ ದಿನವೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಒಂದು ಸೆನ್ಸರಿನ ಹಣ ಉಳಿಯುತ್ತಿತ್ತು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಸ್ಕ್ಯಾನರು ಹಾಕಿ, ಡೀಸೆಲ್ಲಿನ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರಿನ ವೋಲ್ಟೇಜ್ ಕಡಿಮೆ ಎಂಬ ದೋಷದ ಕೋಡು ಬಂದದ್ದೇ ತಡ, ಸೆನ್ಸರನ್ನೇ ಬದಲಾಯಿಸಿ 6,500 ರೂಪಾಯಿ ಬಿಲ್ಲು ಕೊಟ್ಟರು. ಎರಡೇ ದಿನಕ್ಕೆ ಅದೇ ಕೋಡು ಮರಳಿತು, ಜೊತೆಗೆ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಪ್ರೆಶರ್ ಸೆನ್ಸರಿನದೂ ಆಕ್ಸಿಲರೇಟರ್ ಪೆಡಲಿನ ಸೆನ್ಸರಿನ ಎರಡನೆಯ ಟ್ರ್ಯಾಕಿನದೂ ಬಂದವು. ಮೂರು ಸೆನ್ಸರುಗಳು ಮಾತಾಡಿಕೊಂಡು ಒಂದೇ ದಿನ ಕೆಡುವುದಿಲ್ಲ. ಕೋಡು ಹೇಳುವುದು ಮಾಡ್ಯೂಲಿಗೆ ಯಾವ ವೋಲ್ಟೇಜ್ ಕಾಣಿಸಿತು ಎಂಬುದನ್ನು ಮಾತ್ರ, ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ.

ಆಮೇಲೆ ಸಿಕ್ಕಿದ್ದು ಕಾರವಾರದ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. ಸ್ಕ್ಯಾನರಿಗಿಂತ ಹೆಚ್ಚು ಹೊತ್ತು ಅವರು ಮಲ್ಟಿಮೀಟರಿನೊಂದಿಗೆ ಕಳೆದರು. ಮಾಡ್ಯೂಲಿಗೆ ಹೋಗುವ 24 ವೋಲ್ಟಿನ ತಂತಿಗಳಿಗೆ 21 ವ್ಯಾಟಿನ ಬಲ್ಬು ಕಟ್ಟಿ, ಹೊರೆ ಬಿದ್ದಾಗಲೂ ಬ್ಯಾಟರಿಯಷ್ಟೇ ವೋಲ್ಟೇಜ್ ನಿಲ್ಲುತ್ತದೆಯೇ ಎಂದು ನೋಡಿದರು. ಖಾಲಿ ತಂತಿಯಲ್ಲಿ 24 ತೋರಿಸಿ, ಹೊರೆ ಬಿದ್ದೊಡನೆ ಕುಸಿಯುವ ತುಕ್ಕು ಹಿಡಿದ ಫ್ಯೂಸುಗಳು ನಮ್ಮ ಕರಾವಳಿಯಲ್ಲಿ ಅಪರೂಪವಲ್ಲ; ನಮ್ಮದರಲ್ಲಿ ಹಾಗಿರಲಿಲ್ಲ. ಅರ್ಥ್ ತಂತಿಯಲ್ಲಿ ನಷ್ಟವಾಗುತ್ತಿದ್ದುದು 0.05 ವೋಲ್ಟ್ ಅಷ್ಟೇ. ಬ್ಯಾಟರಿ ಬಿಚ್ಚಿ, ಲಾರಿಯ ಮಾಡ್ಯೂಲುಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಗಳೆರಡರ ನಡುವೆ ಅಳೆದಾಗ 60 ಓಮ್ ಬಂತು. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರು ಸಮಾಂತರವಾಗಿ (ಪ್ಯಾರಲಲ್) ಕೂತಿರುವುದರಿಂದ ಬರಬೇಕಾದದ್ದು ಅಷ್ಟೇ.

ಸಿಕ್ಕಿದ್ದು 5 ವೋಲ್ಟಿನಲ್ಲಿ. ಆ ಮೂರು ಸೆನ್ಸರುಗಳಿಗೂ ಮಾಡ್ಯೂಲಿನ ಒಂದೇ ಔಟ್‌ಪುಟ್ಟಿನಿಂದ 5 ವೋಲ್ಟ್ ಹೋಗುತ್ತದೆ, ನಮ್ಮ ಲಾರಿಯಲ್ಲಿ ಅದು 3.2 ಇತ್ತು. ಒಂದು ಸೆನ್ಸರು ಒಳಗೇ ಶಾರ್ಟ್ ಆದರೂ ಉಳಿದೆಲ್ಲವನ್ನೂ ಕೆಳಗೆಳೆಯುತ್ತದೆ ಎಂಬ ಕಾರಣಕ್ಕೆ ಒಂದೊಂದನ್ನೇ ಬಿಚ್ಚಿ ನೋಡಿದರು, 3.2 ಕದಲಲಿಲ್ಲ. ತಂತಿ ಎಲ್ಲಾದರೂ ಚಾಸಿಗೆ ತಾಗುತ್ತಿದೆಯೇ ಎಂದು ನೋಡಿದರು, ಅದೂ ಇಲ್ಲ. ಕೊನೆಗೆ ಕನೆಕ್ಟರಿನಿಂದ 5 ವೋಲ್ಟಿನ ತಂತಿಯ ತುದಿಯ ಲೋಹದ ಕೊಂಡಿಯನ್ನು, ಅಂದರೆ ಟರ್ಮಿನಲ್ಲನ್ನು, ಹೊರತೆಗೆದು, ಮಾಡ್ಯೂಲನ್ನು ಆ ತಂತಿಯಿಂದ ಪೂರ್ತಿ ಬಿಡಿಸಿ ಚಾಲು ಮಾಡಿದಾಗಲೂ ಅದರ ಸ್ವಂತ ಪಿನ್ನಿನಲ್ಲಿ 3.2 ವೋಲ್ಟೇ ಇತ್ತು. ಇಷ್ಟಾದ ಮೇಲೆಯೇ ಅವರು "ಪೆಟ್ಟಿಗೆ ಹೋಗಿದೆ" ಎಂದದ್ದು. ಇಸಿಎಂ ಹೋಗಿದೆ ಎಂದು ಯಾರಾದರೂ ಹೇಳಿದರೆ, ಈ ಕೊನೆಯ ಅಳತೆಯನ್ನು ಮಾಡಿದ್ದೀರಾ ಎಂದು ದಯವಿಟ್ಟು ಕೇಳಿ.

ಕನೆಕ್ಟರಿನ ಒಳಗೆ ಎರಡು ಪಿನ್ನುಗಳ ಬುಡದಲ್ಲಿ ಪಾಚಿಯಂಥ ಹಸಿರು ಪುಡಿ ಕಟ್ಟಿತ್ತು. ಸೀಲುಗಳು ಚೆನ್ನಾಗಿದ್ದವು, ನೀರು ಬಾಯಿಯಿಂದ ಬಂದಿರಲಿಲ್ಲ. ಅವರು ವೈರಿಂಗಿನ ಹೊದಿಕೆಯನ್ನು ಮೇಲಕ್ಕೆ ಸೀಳುತ್ತಾ ಹೋಗಿ, ಒಂದು ಅಡಿ ದೂರದಲ್ಲಿ ನನ್ನ ಬೆರಳಿಗೆ ತಂತಿಯನ್ನು ಮುಟ್ಟಿಸಿದರು. ಗುಂಡುಸೂಜಿಯ ಮೊನೆಯಷ್ಟು ತೂತು, ಸುತ್ತ ಕಪ್ಪಗಾದ ಇನ್ಸುಲೇಶನ್. ಕತ್ತರಿಸಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಕನೆಕ್ಟರಿನವರೆಗೂ ಹಸಿರಾಗಿದ್ದವು. ಹಿಂದಿನ ವರ್ಷ ಜಿಪಿಎಸ್ ಯಂತ್ರ ಕೂರಿಸಿದವನು ಕೀಲಿಯ ಕರೆಂಟು ಹುಡುಕಲು ಟೆಸ್ಟ್ ಲ್ಯಾಂಪಿನ ಸೂಜಿಯನ್ನು ಚುಚ್ಚಿ ಹಾಗೆಯೇ ಬಿಟ್ಟುಹೋಗಿದ್ದ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಎಳೆಗಳ ಸಂದಿಯಲ್ಲಿ ನೀರು ಇಳಿದು ಮಾಡ್ಯೂಲನ್ನು ಮುಟ್ಟಿತ್ತು, ಅದೂ ಉಪ್ಪಿನ ಚೀಲಗಳಿಂದ ಚಾಸಿಗೆ ತೊಟ್ಟಿಕ್ಕುವ ನೀರು. ಈ ತಂತಿಯನ್ನು ಬದಲಾಯಿಸದೆ ಹೊಸ ಮಾಡ್ಯೂಲು ಹಾಕಿದ್ದರೆ ಅದೂ ಒಂದು ಮಳೆಗಾಲದಲ್ಲಿ ಮುಗಿಯುತ್ತಿತ್ತು.

ಹೊಸದಕ್ಕೆ ಡೀಲರಿನವರು ಲಕ್ಷದ ಮೇಲೆ ಬೆಲೆ ಹೇಳಿ, ಮೂರು ವಾರ ಕಾಯಲು ತಿಳಿಸಿದರು. ಹುಬ್ಬಳ್ಳಿಯ ಕೇಂದ್ರದ ದರ 41,000 ರೂಪಾಯಿ, ಆರು ತಿಂಗಳ ಗ್ಯಾರಂಟಿ. ಅವರ ಸೇವೆಯಲ್ಲಿ ನನಗೆ ಹೆಚ್ಚು ಬೆಲೆಬಾಳುವಂತೆ ಕಂಡದ್ದು ನಕಲು ಮಾಡುವ ಕೆಲಸ. ಹಳೆಯ ಮಾಡ್ಯೂಲಿನ ಮೆಮೊರಿಯನ್ನು ಓದಿ, ಚಾಸಿ ಸಂಖ್ಯೆ, ಬೇರೆ ಕೀಲಿಗೆ ಇಂಜಿನ್ ಏಳದಂತೆ ತಡೆಯುವ ಇಮ್ಮೊಬಿಲೈಸರಿನ ಹೊಂದಾಣಿಕೆ, 80 ಕಿ.ಮೀ. ವೇಗಮಿತಿ, ಡೀಸೆಲ್ ಚಿಮ್ಮುವ ಆರೂ ಇಂಜೆಕ್ಟರುಗಳ ಮೇಲೆ ಅಚ್ಚಾದ ಕೋಡುಗಳು, ಎಲ್ಲವನ್ನೂ ಇನ್ನೊಂದಕ್ಕೆ ಇಳಿಸಿಕೊಡುತ್ತಾರೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ನಾನೇ ಒಯ್ದೆ, ನಾಲ್ಕನೆಯ ದಿನ ಕೈಗೆ ಸಿಕ್ಕಿತು.

ಕೂರಿಸುವ ಕೆಲಸ ಒಂದು ಗಂಟೆಯದು. ಕೀಲಿ ತೆಗೆದ ಮೇಲೂ ಮಾಡ್ಯೂಲು ಸ್ವಲ್ಪ ಹೊತ್ತು ಎಚ್ಚರವಾಗಿದ್ದು ತನ್ನ ಲೆಕ್ಕವನ್ನು ಬರೆದುಕೊಳ್ಳುವುದರಿಂದ ಕೆಲವು ನಿಮಿಷ ಕಾದು, ಬ್ಯಾಟರಿಯ ಅರ್ಥ್ ಬಿಚ್ಚಿ, ಆಮೇಲೆಯೇ ಕನೆಕ್ಟರಿಗೆ ಕೈ ಹಾಕಬೇಕು. ಮೊದಲ ಸ್ಟಾರ್ಟಿನಲ್ಲೇ ಇಂಜಿನ್ ಎದ್ದಿತು, 5 ವೋಲ್ಟ್ 5 ಆಗಿಯೇ ನಿಂತಿತು. ಆದರೆ ಐಡ್ಲಿಂಗಿನಲ್ಲಿ ಸಣ್ಣ ನಡುಕ ಉಳಿದಿತ್ತು. ಅದು ಮೊದಲಿನಿಂದಲೂ ಇತ್ತು, ಕೆಟ್ಟ ಮಾಡ್ಯೂಲಿನದೇ ಎಂದು ನಾನು ಭಾವಿಸಿದ್ದೆ. ಕೇಂದ್ರಕ್ಕೆ ಫೋನು ಮಾಡಿದರೆ "ನಮ್ಮದು ಸರಿ ಇದೆ" ಎಂಬ ಒಂದೇ ಉತ್ತರ. ಎಲೆಕ್ಟ್ರಿಷಿಯನ್ನರು ಲಾರಿಯ ಕಾಗದಗಳ ಚೀಲ ಕೇಳಿ ಪಡೆದು, ಎಂಟು ತಿಂಗಳ ಹಿಂದೆ ಮೂರನೆಯ ಸಿಲಿಂಡರಿನ ಇಂಜೆಕ್ಟರು ಬದಲಾದ ಬಿಲ್ಲನ್ನೂ ಅದಕ್ಕೆ ಪಿನ್ನು ಹೊಡೆದಿದ್ದ ಡಬ್ಬಿಯ ಚೀಟಿಯನ್ನೂ ಹುಡುಕಿದರು. ಇಂಜೆಕ್ಟರುಗಳು ಒಂದರಂತೆ ಒಂದು ಡೀಸೆಲ್ ಚಿಮ್ಮುವುದಿಲ್ಲ; ಆ ವ್ಯತ್ಯಾಸವನ್ನು ಮಾಡ್ಯೂಲಿಗೆ ತಿಳಿಸುವುದಕ್ಕೇ ಪ್ರತಿಯೊಂದರ ಮೇಲೂ ಕೋಡು ಅಚ್ಚಾಗಿರುತ್ತದೆ. ಹೊಸ ಇಂಜೆಕ್ಟರು ಹಾಕಿದವರು ಅದರ ಕೋಡನ್ನು ಬರೆದೇ ಇರಲಿಲ್ಲ, ನಕಲು ಮಾಡುವಾಗ ಆ ತಪ್ಪೂ ನಿಷ್ಠೆಯಿಂದ ನಕಲಾಗಿತ್ತು. ಚೀಟಿ ನೋಡಿ ಕೋಡು ಹಾಕಿದ ಮೇಲೆ ನಡುಕ ನಿಂತಿತು. ಹೊಸ ಮಾಡ್ಯೂಲು ಬಂದಿದ್ದರೆ ಆರೂ ಕೋಡುಗಳನ್ನು ಕೈಯಿಂದಲೇ ಹಾಕಬೇಕಾಗುತ್ತಿತ್ತು, ತಪ್ಪು ಆಗಲೇ ಸಿಗುತ್ತಿತ್ತು.

ಅಂದಿನಿಂದ ಚೆಕ್ ಲೈಟು ಒಮ್ಮೆ ಮಾತ್ರ ಹತ್ತಿದೆ, ಅದು ಡೀಸೆಲ್ ಫಿಲ್ಟರಿನಲ್ಲಿ ನೀರು ನಿಂತದ್ದಕ್ಕೆ. ಘಾಟಿಯಲ್ಲಿ ಎಳೆತ ಮೊದಲಿನಂತಿದೆ, ಸರಾಸರಿ ಲೀಟರಿಗೆ 4 ಕಿ.ಮೀ. ಆಸುಪಾಸಿನಲ್ಲೇ ಇದೆ. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಸಾಣಿಕಟ್ಟೆಯ ದಾರಿ ಕಡಿದು, ಲಾರಿ ಎಷ್ಟೋ ದಿನ ಅಂಗಳದಲ್ಲಿ ಬಯಲಿಗೇ ನಿಂತು ನೆನೆಯಿತು. ಹೊರಡಿಸಿದಾಗ ಒಂದೇ ಸಲಕ್ಕೆ ಚಾಲು ಆಯಿತು.

ಸೇವೆಯ ಕುಂದು ಎರಡು. ಅಷ್ಟು ಹಣ ತೆಗೆದುಕೊಂಡೂ ಹೊಸ ಟರ್ಮಿನಲ್ಲು, ಸೀಲುಗಳನ್ನು ಕೊಡಲಿಲ್ಲ, ಮಾಡ್ಯೂಲು ಯಾಕೆ ಕೆಟ್ಟಿತೆಂದು ಕೇಳಲೂ ಇಲ್ಲ. ಬಿಲ್ಲಿನಲ್ಲಿ ಏನೇನು ಬದಲಾಯಿಸಿದರೆಂಬ ವಿವರವಿಲ್ಲದೆ ಬರಿದೇ "ರಿಪೇರಿ" ಎಂದಿದೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ನಮ್ಮ ಇನ್ನೊಂದು ಲಾರಿಯ ಮಾಡ್ಯೂಲು ಕೆಟ್ಟರೂ ಅಲ್ಲಿಗೇ ಹೋಗುತ್ತೇನೆ, ಆದರೆ ಟರ್ಮಿನಲ್ಲು, ಸೀಲುಗಳನ್ನು ಮೊದಲೇ ತಂದಿಟ್ಟುಕೊಂಡು, ಆರು ಇಂಜೆಕ್ಟರುಗಳ ಕೋಡನ್ನೂ ಕಾಗದದ ಮೇಲೆ ಬರೆದುಕೊಂಡೇ ಬಸ್ಸು ಹತ್ತುತ್ತೇನೆ. ಕಳೆದ ವಾರ ಕನೆಕ್ಟರು ಬಿಚ್ಚಿಸಿ ನೋಡಿದೆ. ಪಿನ್ನುಗಳು ಹೊಸದರಂತೆ ಹೊಳೆಯುತ್ತಿದ್ದವು, ತಂತಿಗಳನ್ನು ಕನೆಕ್ಟರಿಗಿಂತ ಕೆಳಗೆ ಬಾಗಿಸಿ ಕಟ್ಟಿದ್ದ ತಿರುವಿನ ತುದಿಯಲ್ಲಿ ಒಂದು ಹನಿ ನೀರು ನಿಂತಿತ್ತು.