ಸಂಬಳ ಏರಿಸುವುದೋ, ರೂಮ್ ಕೊಡುವುದೋ?

ಮುಂಬೈ ಮಾಟುಂಗದ ನಿಮ್ಮ ಸಣ್ಣ ಹೋಟೆಲ್‌ನಲ್ಲಿ ಸಪ್ಲೈಯರ್ ಹುಡುಗರು ಕೆಲಸ ಬಿಡದೆ ನಿಲ್ಲಬೇಕು, ಅಲ್ವಾ? ಸಂಬಳ ಏರಿಸುವುದು ಸುಲಭ. ರೂಮ್ ಅಂದರೆ ಡಿಪಾಸಿಟ್, ಬಾಡಿಗೆ, ಕರೆಂಟ್ ಬಿಲ್. ಹುಡುಗ ಊರಿಗೆ ಹೋದ ತಿಂಗಳೂ ಕಟ್ಟಬೇಕು.

ಆದರೆ ಬರೀ ಸಂಬಳ ನೋಡಿ ನಿಂತವನು ಪಕ್ಕದವರು 500 ರೂಪಾಯಿ ಜಾಸ್ತಿ ಅಂದರೆ ಹೊರಟೇಬಿಡುತ್ತಾನೆ. ಕುಂದಾಪುರದಿಂದ ಒಬ್ಬನೇ ಬಂದವನಿಗೆ ರೂಮೇ ದೊಡ್ಡದು. ರಾತ್ರಿ 11ಕ್ಕೆ ಶಟರ್ ಎಳೆದು, ಲೋಕಲ್ ಟ್ರೈನ್ ಹಿಡಿದು ದೂರದ ನಾಲಾಸೋಪಾರಾ ಮುಟ್ಟಿ ಮಲಗುವುದು ಎಷ್ಟೊತ್ತಿಗೆ? ಫ್ಯಾನ್, ನೀರು, ಬಟ್ಟೆ ಒಣಗಿಸುವ ಜಾಗ ಮಾತ್ರ ಸರಿಯಿರಲಿ. ತಿಗಣೆ ಇರುವ ರೂಮಿಗಿಂತ ರೂಮ್ ಇಲ್ಲದಿರುವುದೇ ಮೇಲು.

ಮುಂಬೈಯಲ್ಲೇ ಸಂಸಾರ ಹೂಡಿದ ಅಡುಗೆಯವರಿಗೆ ರೂಮ್ ಬೇಡ. ಮಕ್ಕಳ ಫೀಸಿಗೆ ಸಂಬಳವೇ ಆಗಬೇಕು. ಅವರಿಗೆ ಧಾರಾಳವಾಗಿ ಏರಿಸಿ.

ಬೋನಸ್ ಇದರಲ್ಲಿ ಸೇರಿಸಬೇಡಿ. 20 ಅಥವಾ ಹೆಚ್ಚು ಜನರಿದ್ದರೆ ಅರ್ಹರಿಗೆ ಕನಿಷ್ಠ 8.33% ಕಾನೂನಿನ ಪ್ರಕಾರವೇ ಕೊಡಬೇಕು.