ಮಳೆಗಾಲದ ಮನೆಗೆ ಬೇಗ ಗಟ್ಟಿಯಾಗುವ ಸಿಮೆಂಟು: ಎಲ್ಲಿ ಬೇಕು, ಎಲ್ಲಿ ಬೇಡ

ಮನೆ ರಿಪೇರಿಗೆ ಬೇಸಿಗೆಯೇ ಸರಿಯಾದ ಕಾಲವೆಂಬುದು ಮಲೆನಾಡಿನವರಿಗೆಲ್ಲ ಗೊತ್ತು. ಆದರೆ ಗೋಡೆ ಎಲ್ಲಿ ಸೋರುತ್ತದೆ, ಬಚ್ಚಲ ಮನೆಯ ಮೂಲೆಯಲ್ಲಿ ಎಲ್ಲಿಂದ ಜಲ ಏಳುತ್ತದೆ ಎಂಬುದು ತಿಳಿಯುವುದು ಆರಿದ್ರಾ ಮಳೆ ಹಿಡಿದ ಮೇಲೆಯೇ. ಆಗ ಸಾಮಾನ್ಯ ಸಿಮೆಂಟು ಕಲಸಿ ಮೆತ್ತಿದರೆ ಅದು ಗಟ್ಟಿಯಾಗುವ ಮೊದಲೇ ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಸಿಮೆಂಟು ಒದಗುವುದು ಇಂಥ ಹೊತ್ತಿಗೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಣ್ಣ ಪೊಟ್ಟಣಗಳಲ್ಲಿ ಸಿಗುವ ಈ ಪುಡಿಯನ್ನು ನಾನು ಕೆಲವು ಮಳೆಗಾಲಗಳಿಂದ ಮನೆಯ ಕೆಲಸಕ್ಕೂ ಬಿಡುವಿನ ಕರಕುಶಲಕ್ಕೂ ಬಳಸುತ್ತಿದ್ದೇನೆ. ನೀರು ಒಸರುವ ಸಣ್ಣ ಜಾಗಕ್ಕೆ ಇದರಷ್ಟು ಒದಗುವ ವಸ್ತು ಇನ್ನೊಂದಿಲ್ಲ. ದೊಡ್ಡ ಕೆಲಸಕ್ಕೆ ಬಳಸಿದರೆ ದುಡ್ಡು ದಂಡ. ನನ್ನ ಅಭಿಪ್ರಾಯ ಇಷ್ಟೇ ಆದರೂ ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಮೊದಲನೆಯದಾಗಿ, ಅಂಗಡಿಯಲ್ಲಿ ಏನನ್ನು ಕೇಳುತ್ತಿದ್ದೇವೆ ಎಂಬುದು ನಮಗೆ ಸ್ಪಷ್ಟವಾಗಿರಬೇಕು. ‘ರ್‍ಯಾಪಿಡ್ ಹಾರ್ಡನಿಂಗ್’ ಎಂದು ಬರೆದ ಸಿಮೆಂಟು ಬೇರೆ, ‘ಕ್ವಿಕ್ ಸೆಟ್ಟಿಂಗ್’ ಬೇರೆ. ಮೊದಲನೆಯದಕ್ಕೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 8041. ಅದರ ಪ್ರಕಾರ ಆ ಸಿಮೆಂಟು ಹಿಡಿಯಲು ಆರಂಭಿಸುವುದಕ್ಕೆ ಸಾಮಾನ್ಯ ಸಿಮೆಂಟಿನಂತೆಯೇ ಕನಿಷ್ಠ 30 ನಿಮಿಷ ಬೇಕು. ಹಿಡಿದ ನಂತರ ಬಲ ಬರುವುದು ಮಾತ್ರ ಬೇಗ. ಸೋರುವ ತೂತಿಗೆ ಅದನ್ನು ತಂದರೆ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಮೂರರಿಂದ ಐದು ನಿಮಿಷದಲ್ಲಿ ಕಲ್ಲಿನಂತಾಗುವ, ಸೋರಿಕೆ ಮುಚ್ಚುವ ‘ಪ್ಲಗ್’ ಬಗೆಯ ಪುಡಿ. ಹೊರಗಿನ ಕೆಲಸಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೊಂಡೊಯ್ಯುವವರನ್ನೂ ನೋಡಿದ್ದೇನೆ. ಅದೂ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಸತತವಾಗಿ ನೀರು ತಾಗಿದರೆ ಮೆತ್ತಗಾಗಿ ಉದುರುತ್ತದೆ. ನಮ್ಮ ಕಡೆಯ ಮಳೆಗೆ ಅದು ಖಂಡಿತ ಸಲ್ಲದು.

ಇದು ಇಷ್ಟು ಬೇಗ ಹಿಡಿಯುವುದಕ್ಕೆ ಕಾರಣ ಅದರೊಳಗಿನ ಅಲ್ಯೂಮಿನೇಟ್ ಸಂಯುಕ್ತಗಳು. ಅವು ನೀರು ತಾಗಿದ ಕೂಡಲೇ ಪ್ರತಿಕ್ರಿಯಿಸುತ್ತವೆ. ಸಾಮಾನ್ಯ ಸಿಮೆಂಟಿನಲ್ಲಿಯೂ ಅವು ಸ್ವಲ್ಪ ಪ್ರಮಾಣದಲ್ಲಿ ಇರುವುದರಿಂದಲೇ ಕಾರ್ಖಾನೆಯಲ್ಲಿ ಜಿಪ್ಸಮ್ ಬೆರೆಸಿ ಅವುಗಳ ಆತುರವನ್ನು ತಡೆಯುತ್ತಾರೆ. ಬೇಗ ಹಿಡಿಯುವ ಪುಡಿಗಳಲ್ಲಿ ಈ ಆತುರವನ್ನೇ ಬೇಕೆಂದು ಬೆಳೆಸಿರುತ್ತಾರೆ. ಹಲವು ಬಗೆಗಳಲ್ಲಿ ಅಲ್ಯೂಮಿನೇಟೂ ಸಲ್ಫೇಟೂ ಸೇರಿ ಎಟ್ರಿಂಗೈಟ್ ಎಂಬ ಸೂಜಿಯಾಕಾರದ ಹರಳುಗಳಾಗುತ್ತವೆ. ಆ ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಬಿಗಿಯುತ್ತವೆ. ಈ ಹರಳಿಗೆ ಬಹಳ ನೀರು ಬೇಕು. ಆದ್ದರಿಂದ ಗಟ್ಟಿಯಾಯಿತಲ್ಲ ಎಂದು ಹಾಗೆಯೇ ಬಿಡದೆ, ಆ ಜಾಗವನ್ನು ಕೆಲವು ಗಂಟೆಗಳ ಕಾಲವಾದರೂ ಒದ್ದೆಯಾಗಿ ಇಡುವುದು ಅಗತ್ಯ.

ನಮ್ಮಲ್ಲಿ ಗುಡ್ಡದ ಇಳಿಜಾರನ್ನು ಕಡಿದು ಮನೆ ಕಟ್ಟುವುದು ರೂಢಿಯಾದ್ದರಿಂದ ಹಿಂದಿನ ಧರೆಯ ನೀರು ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮನೆಯ ಬಚ್ಚಲಿನ ಗೋಡೆಯೂ ನೆಲವೂ ಕೂಡುವ ಮೂಲೆಯಲ್ಲಿ ಹೀಗೆ ನೀರು ಒಸರುತ್ತಿತ್ತು. ಕೆಲಸಕ್ಕೆ ಬಂದ ಗಾರೆಯವರು ಪೊಟ್ಟಣ ಕಂಡ ಕೂಡಲೇ, “ಇದನ್ನ ಕಲಸಿದ ಮೇಲೆ ಕರಣೆ ಹುಡುಕ್ತಾ ಕೂತ್ರೆ ಆಗ್ಲಿಲ್ಲ ಮಾರಾಯ್ರೆ, ಎಲ್ಲ ಮೊದ್ಲೇ ಹತ್ರ ಇಟ್ಕೊಳ್ಳಿ” ಎಂದರು. ಈ ಸಿಮೆಂಟಿನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳ ಸೂಚನೆ ಪೊಟ್ಟಣದ ಮೇಲೂ ಇರಲಿಲ್ಲ. ಅವರು ಮೊದಲು ಉಳಿಯಿಂದ ಬಿರುಕನ್ನು ಸುಮಾರು ಮುಕ್ಕಾಲು ಇಂಚು ಅಗಲಕ್ಕೆ, ಅಷ್ಟೇ ಆಳಕ್ಕೆ ಬಿಡಿಸಿದರು. ಬಾಯಿ ಅಗಲವಾಗಿ ಒಳಗೆ ಚೂಪಾಗುವಂತೆ ಕಡಿದರೆ ತುಂಬಿದ ಸಿಮೆಂಟನ್ನು ನೀರು ಹೊರಕ್ಕೆ ದೂಡುತ್ತದೆ. ಆದ್ದರಿಂದ ಒಳಗಡೆಯೇ ತುಸು ಅಗಲವಾಗಿರುವಂತೆ ಕಡಿಯಬೇಕು. ಬಳಿಕ ಸಡಿಲ ಗಾರೆ, ಧೂಳು, ಪಾಚಿ ಯಾವುದೂ ಉಳಿಯದಂತೆ ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆದರು. ಇಷ್ಟಕ್ಕೇ ಅರ್ಧ ಹೊತ್ತು ಹಿಡಿಯಿತು. ಸಿಮೆಂಟು ಕಲಸಿ ತುಂಬಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ.

ಕಲಸುವಾಗ ಒಂದು ಹಿಡಿಯಷ್ಟು ಪುಡಿ ಮಾತ್ರ ತೆಗೆದುಕೊಳ್ಳಬೇಕು. ನಾಲ್ಕು ಪಾಲು ಪುಡಿಗೆ ಹೆಚ್ಚುಕಡಿಮೆ ಒಂದು ಪಾಲು ನೀರು ಹಾಕಿ, ರಬ್ಬರ್ ಕೈಗವಸು ಹಾಕಿಕೊಂಡು ಚಪಾತಿ ಹಿಟ್ಟಿನ ಹದಕ್ಕೆ ನಾದಿ ಉಂಡೆ ಮಾಡಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಆ ಉಂಡೆ ಅಂಗೈಯೊಳಗೆ ಬೆಚ್ಚಗಾಗುವುದು ಗವಸಿನ ಮೇಲಿನಿಂದಲೂ ತಿಳಿಯುತ್ತದೆ. ಪ್ರತಿಕ್ರಿಯೆಯ ಶಾಖವದು. ಅದರ ಮೈ ಮೇಲಿನ ಹೊಳಪು ಹೋಗಿ ಉಂಡೆ ಬಿಗಿಯತೊಡಗಿದ ಗಳಿಗೆಯಲ್ಲಿ ಒಸರುವ ಕಂಡಿಗೆ ಒತ್ತಿ, ಕೈ ತೆಗೆಯದೆ ಅಲ್ಲಾಡಿಸದೆ ಹಿಡಿದಿರಬೇಕು. ಅದಕ್ಕೂ ಮೊದಲೇ ಒತ್ತಿದರೆ ಕೊಚ್ಚಿಕೊಂಡು ಹೋಗುತ್ತದೆ, ತಡ ಮಾಡಿದರೆ ಗೋಡೆಗೆ ಅಂಟುವುದಿಲ್ಲ. ಬಿಗಿದ ಉಂಡೆಗೆ ಮತ್ತೆ ನೀರು ಚಿಮುಕಿಸಿ ಮೆತ್ತಗೆ ಮಾಡುವುದು ಸಲ್ಲದು. ಹಾಗೆ ಮಾಡಿದರೆ ಅದರ ಬಲವೇ ಹೋಗುತ್ತದೆ, ಎಸೆಯುವುದೇ ಲೇಸು. ನೀರು ರಭಸದಿಂದ ಬರುತ್ತಿದ್ದರೆ ಮಧ್ಯದಲ್ಲಿ ಸಣ್ಣ ಪೈಪೊಂದನ್ನಿಟ್ಟು ನೀರನ್ನು ಅದರ ಮೂಲಕ ಹರಿಯಬಿಟ್ಟು, ಸುತ್ತಲೂ ಮುಚ್ಚಿ ಗಟ್ಟಿಯಾದ ಮೇಲೆ ಪೈಪನ್ನು ತೆಗೆದು ಕೊನೆಯ ತೂತನ್ನು ಮುಚ್ಚಬೇಕು. ನಮ್ಮ ಮನೆಯ ಮೂಲೆ ಅಂದೇ ಒಣಗಿತು. ಮುಂದಿನ ಮಳೆಗಾಲದಲ್ಲಿಯೂ ಅಲ್ಲಿ ನೀರು ಕಾಣಲಿಲ್ಲ. ಆದರೆ ಇದರ ಪೂರ್ಣ ಶ್ರೇಯಸ್ಸು ಸಿಮೆಂಟಿನದಲ್ಲ. ಧರೆಯ ಬುಡದಲ್ಲಿ ಚರಂಡಿ ತೆಗೆದು ನೀರಿಗೆ ಬೇರೆ ದಾರಿ ಮಾಡಿದ್ದೆವು. ಅದಿಲ್ಲದೆ ಒಂದು ಕಂಡಿ ಮುಚ್ಚಿದರೆ ನೀರು ಪಕ್ಕದ ಇನ್ನೊಂದು ಕಂಡಿಯಲ್ಲಿ ಏಳುತ್ತದೆ.

ಗೇಟಿನ ಕೊಂಡಿ ಕೂರಿಸುವುದು, ಗೋಡೆಯಲ್ಲಿ ಪೈಪು ಹಾದುಹೋದ ಸುತ್ತಲಿನ ಸಂದು, ಸಿಮೆಂಟು ತೊಟ್ಟಿಯ ಮುರಿದ ಅಂಚು ಇಂಥವಕ್ಕೆಲ್ಲ ಇದು ಚೆನ್ನಾಗಿ ಒದಗಿತು. ಕೊಟ್ಟಿಗೆಯಿಂದ ಗಂಜಲ ಹರಿಯುವ ಕಾಲುವೆಯ ತೂತನ್ನು ಬೆಳಗಿನ ಹಾಲು ಕರೆದ ಮೇಲೆ ಮುಚ್ಚಿದರೆ, ದನ ಮೇದು ಬರುವಷ್ಟರಲ್ಲಿ ಅದು ಬಳಕೆಗೆ ಸಿದ್ಧವಾಗಿರುತ್ತದೆ.

ಬೇಡದ ಜಾಗಗಳ ಬಗ್ಗೆ ಅಂಗಡಿಯವರು ಹೇಳುವುದಿಲ್ಲ, ಆದ್ದರಿಂದ ಅದನ್ನು ಒತ್ತಿ ಹೇಳಬೇಕೆನಿಸುತ್ತದೆ. ಹಳೆಯ ಮನೆಗಳ ಮಣ್ಣಿನ ಗೋಡೆಗೆ, ಸುಣ್ಣದ ಗಾರೆಯ ಗೋಡೆಗೆ ಇದನ್ನು ಮುಟ್ಟಿಸಬಾರದು. ಅಂಥ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ನಡುವೆ ಗಟ್ಟಿಯಾದ ತೇಪೆ ಕೂತರೆ ತೇವ ಅದರ ಹಿಂದೆ ಸಿಕ್ಕಿಕೊಂಡು ಸುತ್ತಲಿನ ಮೆದು ಗಾರೆ ಹಪ್ಪಳವೆದ್ದು ಬೀಳುತ್ತದೆ. ಅಜ್ಜನ ಕಾಲದ ಗೋಡೆಗೆ ಸುಣ್ಣವೇ ಮದ್ದು. ಬಿಸಿಲಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವ ತಾರಸಿಯ ಬಿರುಕಿಗೂ ಇದು ಸರಿಯಲ್ಲ, ಏಕೆಂದರೆ ಇದಕ್ಕೆ ಬಾಗುವ ಗುಣವಿಲ್ಲ. ಅಲ್ಲಿಗೆ ರಬ್ಬರಿನಂತೆ ಹಿಗ್ಗುವ ಸೀಲೆಂಟ್ ಬೇಕು. ಬಚ್ಚಲ ಹಂಡೆಯ ಒಲೆ ಬಿರುಕು ಬಿಟ್ಟರೆ ಎಟ್ರಿಂಗೈಟನ್ನು ನಂಬಿದ ಪುಡಿ ಬಳಸಬೇಡಿ. ಬೆಂಕಿಯ ಶಾಖಕ್ಕೆ ಆ ಹರಳು ನೀರು ಕಳೆದುಕೊಂಡು ಸಡಿಲವಾಗುತ್ತದೆ. ಮಣ್ಣು ಮೆತ್ತುವ ಹಳೆಯ ಕ್ರಮವೇ ಒಳ್ಳೆಯದು. ಅಡಿಕೆ ಒಣಗಿಸುವ ಸಿಮೆಂಟು ಅಂಗಳಕ್ಕೆ ತೆಳುವಾಗಿ ಎಳೆಯುವ ಯೋಚನೆಯನ್ನೂ ಬಿಡಬೇಕು. ಅಷ್ಟು ಅಗಲಕ್ಕೆ ಎಳೆದು ಮುಗಿಸುವ ಮೊದಲೇ ಬಾಂಡ್ಲಿಯಲ್ಲಿದ್ದದ್ದು ಕಲ್ಲಾಗುತ್ತದೆ, ಬೆಲೆಯೂ ಕಿಲೋ ಲೆಕ್ಕದಲ್ಲಿ ಸಾಮಾನ್ಯ ಸಿಮೆಂಟಿನ ಹಲವು ಪಟ್ಟು.

ಕರಕುಶಲಕ್ಕೆ ಬಂದರೆ ನನಗೆ ಬಹಳ ಸಂತೋಷ ಕೊಟ್ಟದ್ದು ಕೆಸುವಿನ ಎಲೆಯ ಅಚ್ಚು. ಮರಳನ್ನು ಗುಪ್ಪೆ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನರಗಳು ಎದ್ದು ಕಾಣುವ ಹಿಂಬದಿ ಮೇಲಾಗುವಂತೆ ಎಲೆಯನ್ನು ಮಗುಚಿಟ್ಟು, ಅದರ ಮೇಲೆ ನಯವಾದ ಮರಳು ಬೆರೆಸಿದ ಸಿಮೆಂಟನ್ನು ನಡುವೆ ದಪ್ಪವಾಗಿ, ಅಂಚಿಗೆ ತೆಳುವಾಗಿ ಮೆತ್ತಬೇಕು. ಸಾಮಾನ್ಯ ಸಿಮೆಂಟಾದರೆ ಮರುದಿನದವರೆಗೆ ಕಾಯಬೇಕು; ಇದರಲ್ಲಿ ಎಲೆ ಬಾಡುವ ಮೊದಲೇ ಅಚ್ಚು ನಿಲ್ಲುತ್ತದೆ. ಗಂಟೆಯ ನಂತರ ಮಗುಚಿ ಎಲೆಯನ್ನು ಸುಲಿದರೆ ತೊಟ್ಟಿನಿಂದ ಅಂಚಿನವರೆಗೆ ಕವಲೊಡೆದ ಒಂದೊಂದು ನರವೂ ಸಿಮೆಂಟಿನಲ್ಲಿ ಗೀರಾಗಿ ಮೂಡಿರುತ್ತದೆ. ಅಂಗಳದಲ್ಲಿ ಹಕ್ಕಿಗಳಿಗೆ ನೀರಿಡಲು ಅದು ಒಪ್ಪುತ್ತದೆ.

ಆದರೆ ಈ ಕೆಲಸಕ್ಕೆ ಸೋರಿಕೆಯ ಪುಡಿಯ ಐದು ನಿಮಿಷ ಸಾಲದು. ಹತ್ತಿಪ್ಪತ್ತು ನಿಮಿಷ ಅವಕಾಶ ಕೊಡುವ ಬಗೆಯನ್ನು ಕೇಳಿ ತರಬೇಕು. ಎಟ್ರಿಂಗೈಟ್ ಹರಳಿನಿಂದ ಬಿಗಿಯುವ ಸಲ್ಫೋಅಲ್ಯೂಮಿನೇಟ್ ಸಿಮೆಂಟಾದರೆ ಕಲಸುವ ನೀರಿಗೆ ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿದರೆ ಅದು ಹಿಡಿಯುವುದು ನಿಧಾನವಾಗುತ್ತದೆ, ತಣ್ಣೀರು ಬಳಸಿದರೂ ಅಷ್ಟಿಷ್ಟು ತಡವಾಗುತ್ತದೆ. ಸಣ್ಣ ಕುಂಡ, ಹಣತೆಗಳನ್ನು ಅಚ್ಚಿನಲ್ಲಿ ಎರೆಯುವಾಗ ಅಚ್ಚಿಗೆ ಮೊದಲೇ ಎಣ್ಣೆ ಸವರಿ, ಎರೆದ ಕೂಡಲೇ ಪಕ್ಕದಿಂದ ತಟ್ಟಬೇಕು. ಗಾಳಿಗುಳ್ಳೆಗಳು ತಾವಾಗಿಯೇ ಏಳಲು ಈ ಸಿಮೆಂಟು ಸಮಯ ಕೊಡುವುದಿಲ್ಲ. ಗಿಡ ನೆಡುವ ಕುಂಡವನ್ನು ಕೆಲವು ದಿನ ನೀರಿನಲ್ಲಿ ನೆನೆಯಿಟ್ಟು, ನೀರು ಬದಲಿಸಿ ಕ್ಷಾರ ಕಳೆಯುವುದು ಒಳ್ಳೆಯದು.

ಕ್ಷಾರದ ಮಾತು ಕೈಗೂ ಅನ್ವಯಿಸುತ್ತದೆ. ಒದ್ದೆ ಸಿಮೆಂಟು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳೊಂದಿಗೆ ಅಚ್ಚು ಮಾಡುವವರು ಗವಸು, ಕನ್ನಡಕ ಎರಡನ್ನೂ ಕಡ್ಡಾಯ ಮಾಡಬೇಕು. ಕುಡಿಯುವ ನೀರಿನ ಟ್ಯಾಂಕಿಗೆ ಬಳಸುವುದಾದರೆ ಅದಕ್ಕೆ ಯೋಗ್ಯವೆಂದು ಪೊಟ್ಟಣದ ಮೇಲೆ ಬರೆದಿರಬೇಕು.

ನನ್ನ ಅಸಮಾಧಾನವೆಲ್ಲ ಮಾರಾಟದ ಕ್ರಮದ ಬಗ್ಗೆ. ಮಲೆನಾಡಿನ ತೇವದಲ್ಲಿ ಈ ಪುಡಿ ಪೊಟ್ಟಣದೊಳಗೇ ಹಾಳಾಗುತ್ತದೆ. ಒಂದು ಅಂಗಡಿಯಲ್ಲಿ ಕೊಂಡ ಪೊಟ್ಟಣವನ್ನು ಬಿಡಿಸಿದಾಗ ಒಳಗೆ ಗಂಟುಗಳೇ ತುಂಬಿದ್ದವು, ಕಲಸಿದ್ದು ಅರ್ಧ ಗಂಟೆಯಾದರೂ ಹಿಡಿಯಲಿಲ್ಲ. ತಯಾರಾದ ತಿಂಗಳಿನ ಮೇಲೆ ಬೆಲೆಯ ಚೀಟಿ ಅಂಟಿಸಿದ್ದರು. ಆದ್ದರಿಂದ ತಯಾರಿಕೆಯ ತಿಂಗಳು ಓದಲು ಸಿಗುವ, ಹೊರಗಿನಿಂದ ಹಿಸುಕಿದಾಗ ಗಂಟು ತಾಗದ, ಒಂದು ಕಿಲೋಗಿಂತ ದೊಡ್ಡದಲ್ಲದ ಪೊಟ್ಟಣವನ್ನೇ ಕೊಳ್ಳಿ. ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಗೋಡೆಗೂ ನೆಲಕ್ಕೂ ತಾಗದಂತೆ ಅಟ್ಟದ ಮೇಲಿಡಿ. ಮುಂದಿನ ಬಳಕೆಗೆ ಮೊದಲು ಒಂದು ಚಮಚ ಕಲಸಿ ನೋಡಿ, ಹೇಳಿದ ಸಮಯಕ್ಕೆ ಹಿಡಿದರೆ ಮಾತ್ರ ಗೋಡೆಗೆ ಉಳಿ ಹಚ್ಚಿ.