ಒಂದು ಹಂತವೇ, ಇಡೀ ಭೂಪ್ರದಕ್ಷಿಣೆಯೇ?

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ಆದರೂ ಹಂತ ಹಂತವಾಗಿ ಭೂಮಿಯನ್ನು ಸುತ್ತುವ ಕ್ಲಿಪ್ಪರ್ ಹಾಯಿದೋಣಿ ಸ್ಪರ್ಧೆಗೆ ಸೇರಲು ಇಲ್ಲಿನವರಿಗೆ ಅಡ್ಡಿಯಿಲ್ಲ. 1996ರಲ್ಲಿ ಮೊದಲು ನಡೆದ ಈ ಓಟ ಇರುವುದೇ ಹವ್ಯಾಸಿಗಳಿಗಾಗಿ. ಪ್ರಶ್ನೆ ಒಂದೇ: ಕೆಲವು ವಾರಗಳ ಒಂದು ಹಂತವೋ, ಸುಮಾರು 11 ತಿಂಗಳ, 40,000 ನಾಟಿಕಲ್ ಮೈಲಿಯ ಪೂರ್ಣ ಸುತ್ತೋ?

ತರಬೇತಿ ಎರಡಕ್ಕೂ ಒಂದೇ, ನಾಲ್ಕು ಮಟ್ಟ. ಶುಲ್ಕ ನಿಮ್ಮದೇ, ಪೂರ್ಣ ಸುತ್ತಿಗೆ ಹಲವು ಪಟ್ಟು ಹೆಚ್ಚು.

ದೋಣಿಯೊಳಗಿನ ಬದುಕಂತೂ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ರಾತ್ರಿ ನಾಲ್ಕು ಗಂಟೆಗೊಮ್ಮೆ ಪಾಳಿ ಬದಲು. ನೀವು ಎದ್ದ ಹಾಸಿಗೆಯ ಬಿಸಿ ಆರುವ ಮುನ್ನ ಇನ್ನೊಬ್ಬರು ಮಲಗುತ್ತಾರೆ. ಉಷ್ಣವಲಯದಲ್ಲಿ ಒಳಗಿನ ಸೆಕೆ ನಮ್ಮ ಮೇ ತಿಂಗಳ ಮಧ್ಯಾಹ್ನವನ್ನೇ ನೆನಪಿಸುತ್ತದೆ, ಜೊತೆಗೆ ಬೆವರು ಆರದ ತೇವ. ದಕ್ಷಿಣ ಸಾಗರದಲ್ಲಿ ಬೆರಳು ಮರಗಟ್ಟುವ ಚಳಿ. ಅಡುಗೆಯ ಸರದಿ ಎಲ್ಲರದೂ. (ಕಟಕ ರೊಟ್ಟಿ ಒಯ್ದರೆ ಗಾಳಿಯಾಡದ ಡಬ್ಬಿ ಬೇಕು, ಅಲ್ಲಿನ ತೇವಕ್ಕೆ ಅದು ಬೇಗ ಮೆತ್ತಗಾಗುತ್ತದೆ.)

ಒಂದು ಹಂತದವರು ದೋಣಿಯ ಲಯಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇಳಿಯಬೇಕಾಗಬಹುದು. ಪೂರ್ಣ ಸುತ್ತಿನವರು ಹಾಯಿ ಹೊಲಿಯುವುದನ್ನೂ, ಸಹನೆಯನ್ನೂ ನಿಜವಾಗಿ ಕಲಿಯುತ್ತಾರೆ. ಆದರೂ ಅಲೆಯನ್ನೇ ಕಾಣದೆ ಬೆಳೆದವರಿಗೆ ನಾನು ಹೇಳುವುದು ಒಂದು ಹಂತವನ್ನೇ. ಅದರಲ್ಲೂ ಸಾಗರ ದಾಟುವ ದೀರ್ಘ ಹಂತವನ್ನು.